ರಿಮೋಟ್ ಕೈಗೆ ಬಂದ್ರ ಮೊದಲು ನಿಲ್ಲಿಸೋದು ಕಲೀರಿ

1/9

ಈ ವಾರದ ಸರಣಿ ಮಾದರಿ ರೈಲಿನ ರಿಮೋಟ್ ಬಗ್ಗೆ. ಹೌದು, ಆಟದ ರೈಲೇ. ನಗಬ್ಯಾಡ್ರಿ. ಒಂಬತ್ತೂ ಭಾಗ ಓದಿ, ಆಮೇಲೆ ಬೇಕಾದ್ರ ನಗ್ರಿ.

ನಾ ಹೇಳ್ತಿರೋದು ಮೈಲಾಪುರ ಜಾತ್ರ್ಯಾಗ, ತಿಂಥಣಿ ಜಾತ್ರ್ಯಾಗ ಸಿಗೋ ಸೆಲ್ ಹಾಕಿದ ರೈಲು ಅಲ್ಲ. ಅದಕ್ಕ ಒಂದೇ ಗುಂಡಿ: ಚಾಲೂ, ಇಲ್ಲಾ ಬಂದ್. ಮಾದರಿ ರೈಲು ಅಂದ್ರ ನಿಜವಾದ ಎಂಜಿನ್ನಿನ ಅಳತೆಯನ್ನೇ ಇಳಿಸಿ ಮಾಡಿದ್ದು. ಹೆಚ್ಚು ಜನ ಬಳಸುವ 'ಎಚ್‌ಓ' ಅಳತೆಯಲ್ಲಿ 87 ಸೆಂಟಿಮೀಟರ್ ಇದ್ದದ್ದು 1 ಸೆಂಟಿಮೀಟರ್ ಆಗುತ್ತದೆ. 20 ಮೀಟರ್ ಉದ್ದದ ಎಂಜಿನ್ ಸುಮಾರು 23 ಸೆಂಟಿಮೀಟರಿಗೆ ಇಳಿಯುತ್ತದೆ. ಅದರ ಹೊಟ್ಟ್ಯಾಗ ಒಂದು ಮೋಟಾರು, ಒಂದು ಚಿಪ್. ಕೈಯಾಗಿನ ರಿಮೋಟಿನಿಂದ ಇಂಥದ್ದೇ ಎಂಜಿನ್ ಓಡಬೇಕು, ಇಂಥದ್ದೇ ನಿಲ್ಲಬೇಕು, ದೀಪ ಹಚ್ಚಬೇಕು, ಹಾರ್ನ್ ಹೊಡಿಬೇಕು ಅಂತ ಹೇಳಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ರಿಮೋಟನ್ನ ನಾವು ಉಲ್ಟಾ ಕಲಿತೀವಿ. ಯಾರ ಕೈಗೆ ಕೊಟ್ಟರೂ ಮೊದಲು ಹಾರ್ನ್ ಒತ್ತುತ್ತಾರ, ಆಮೇಲೆ ಫುಲ್ ಸ್ಪೀಡ್. ನಿಲ್ಲಿಸೋದು ಹೆಂಗ ಅಂತ ಕೇಳೋದು ರೈಲು ಟೇಬಲ್ ಬಿಟ್ಟು ಕೆಳಗ ಬಿದ್ದ ಮ್ಯಾಲ. ಕ್ರಮ ತಿರುಗಬೇಕು: ಮೊದಲು ನಿಲ್ಲಿಸೋದು, ಆಮೇಲೆ ಯಾರಿಗೆ ಹೇಳ್ತಿದ್ದೀವಿ ಅನ್ನೋದು, ಆಮೇಲೆ ಓಡಿಸೋದು, ಎಲ್ಲದಕ್ಕೂ ಕೊನೆಗೆ ಹಾರ್ನ್.

ಇದು ಆಟದ ಮಾತಷ್ಟೇ ಆಗಿದ್ರ ಇಷ್ಟು ಉದ್ದ ಬರೀತಿರಲಿಲ್ಲ. ನಮ್ಮ ಶಹಾಪುರ, ಸುರಪುರ ಕಡೆ ಈಗ ಮೋಟಾರು, ಕಾಲುವೆ ಗೇಟು, ಎಲ್ಲಾ ದೂರದಿಂದಲೇ ನಡೀಲಿಕ್ಕತ್ತಾವ. ರಿಮೋಟ್ ಅಂದ್ರ ಏನು ಅಂತ ಸರಿಯಾಗಿ ಕಲಿಯೋದು ನಮಗ ಶೋಕಿ ಅಲ್ಲ.

2/9

ಮೊದಲು ರೈಲಿನ ವಿಷಯ. "ನಿಜವಾದ ರೈಲೇ ಬಂದಿಲ್ಲ, ಆಟದ್ದು ಯಾಕ?" ಅಂತ ಕಾಮೆಂಟ್ ಬರ್ತದ, ಗೊತ್ತು.

ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ದಾರಿಯಲ್ಲೇ ಯಾದಗಿರಿ ಇದೆ. ಅಂದ್ರ ಯಾದಗಿರಿ ಊರು ಒಂದೂವರೆ ಶತಮಾನದಿಂದ ರೈಲಿನ ಸದ್ದು ಕೇಳ್ಕೋತ ಬಂದದ. ಅದೇ ಜಿಲ್ಲೆಯ ಶಹಾಪುರ, ಸುರಪುರ ಪಟ್ಟಣಗಳಿಗೆ ಇವತ್ತಿಗೂ ಸ್ಟೇಷನ್ ಇಲ್ಲ. ಆಲಮಟ್ಟಿ–ಯಾದಗಿರಿ ಮಾರ್ಗ ಬೇಕು ಅನ್ನೋ ಕೂಗು ನಾವು ಹುಟ್ಟೋಕಿಂತ ಮೊದಲಿನದು. ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಬೇಕಂದ್ರ ನಾವು ಮೊದಲು ಬಸ್ ಹಿಡಿಬೇಕು.

ಇನ್ನೊಂದು ಮಜಾ ಏನಂದ್ರ, ರೈಲಿನ ಕೆಲಸ ನಮ್ಮ ಜಿಲ್ಲ್ಯಾಗೇ ನಡೀತದ. ಯಾದಗಿರಿ ತಾಲೂಕಿನ ಕಡೇಚೂರಿನಲ್ಲಿ ರೈಲ್ವೆಯ ಬೋಗಿ ಫ್ರೇಮ್ ಕಾರ್ಖಾನೆ ಇದೆ. ನಾವು ಮಾತಿನಲ್ಲಿ ಡಬ್ಬಿಗೆ ಬೋಗಿ ಅಂತೀವಿ. ರೈಲ್ವೆಯವರ ಲೆಕ್ಕದಲ್ಲಿ ಬೋಗಿ ಅಂದ್ರ ಡಬ್ಬಿ ಅಲ್ಲ, ಡಬ್ಬಿಯ ಕೆಳಗಿರೋ ಗಾಲಿಗಳ ಚೌಕಟ್ಟು. ಕೂತು ಹೋಗೋದು ಕೋಚಿನಲ್ಲಿ, ಅದನ್ನ ಹೊತ್ತು ಓಡೋದು ಬೋಗಿ. ಒಂದು ಮಾದರಿ ಡಬ್ಬಿಯನ್ನ ಕೈಯಾಗ ಹಿಡಿದು ತಲೆಕೆಳಗ ಮಾಡಿದ್ರ ಈ ವ್ಯತ್ಯಾಸ ಒಂದು ನಿಮಿಷದಾಗ ತಿಳೀತದ. ಪ್ಲಾಟ್‌ಫಾರ್ಮ್ ಮ್ಯಾಲ ನಿಂತು ವರ್ಷಗಟ್ಟಲೆ ನೋಡಿದ್ರೂ ತಿಳಿಯೋದಿಲ್ಲ.

ಮಾದರಿಯ ಉಪಯೋಗ ಅದೇ. ದೊಡ್ಡದನ್ನ ತಿರುಗಿಸಿ ನೋಡಲಿಕ್ಕೆ ಆಗೋದಿಲ್ಲ, ಚಿಕ್ಕದನ್ನ ತಿರುಗಿಸಬಹುದು. ರೈಲು ಬಂದಿಲ್ಲದ ಊರಿಗೆ ಇದು ಹೆಚ್ಚು ಬೇಕು, ಕಡಿಮೆ ಅಲ್ಲ.

3/9

ಈಗ ಒಳಗಿನ ಕೆಲಸ. ಸ್ವಲ್ಪ ನಿಧಾನ ಓದ್ರಿ, ಎಲ್ಲಾ ಇದರ ಮ್ಯಾಲೇ ನಿಂತದ.

ಹಳೇ ಪದ್ಧತಿಯಲ್ಲಿ ರಿಮೋಟ್ ಅನ್ನೋದು ಎಂಜಿನ್ನಿನ ಜೊತೆ ಮಾತಾಡ್ತಿರಲಿಲ್ಲ, ಹಳಿಯ ಜೊತೆ ಮಾತಾಡ್ತಿತ್ತು. ಹಳಿಗೆ 0ಯಿಂದ 12 ವೋಲ್ಟ್ ತನಕ ನೇರ ಕರೆಂಟ್ ಕೊಡೋದು. ಹೆಚ್ಚು ವೋಲ್ಟ್ ಕೊಟ್ರ ಜೋರು, ಕಡಿಮೆ ಕೊಟ್ರ ನಿಧಾನ, ಧನ-ಋಣ ಅದಲುಬದಲು ಮಾಡಿದ್ರ ಹಿಂದಕ್ಕ. ಒಂದು ಎಂಜಿನ್ ಇದ್ದಾಗ ಸರಿ. ಎರಡು ಇಟ್ರ? ಎರಡೂ ಒಟ್ಟಿಗೇ ಓಡ್ತಾವ, ಒಟ್ಟಿಗೇ ನಿಲ್ತಾವ. ಬೇರೆ ಬೇರೆ ಓಡಿಸಬೇಕಂದ್ರ ಹಳಿಯನ್ನ ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಬೇರೆ ವೈರು, ಬೇರೆ ಸ್ವಿಚ್ಚು.

ಜರ್ಮನಿಯ ಲೆಂಟ್ಸ್ ಕಂಪನಿಯ ವಿಧಾನ ಹಿಡಕೊಂಡು ಅಮೆರಿಕದ ಮಾದರಿ ರೈಲು ಸಂಘವೊಂದು 1990ರ ದಶಕದಲ್ಲಿ ಎಲ್ಲರಿಗೂ ಒಂದೇ ನಿಯಮ ಮಾಡಿತು. ಅದರ ಹೆಸರು ಡಿಸಿಸಿ. ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ಕರೆಂಟ್ ಇರುತ್ತದೆ, ರೈಲು ನಿಂತಾಗಲೂ. ಆ ಕರೆಂಟು ಅತಿ ವೇಗವಾಗಿ ಆಚೆ-ಈಚೆ ತಿರುಗುತ್ತದೆ. ತಿರುಗೋ ಗತಿಯಲ್ಲೇ ಸಂದೇಶ ಅಡಗಿರುತ್ತದೆ. ಒಂದೊಂದು ದಿಕ್ಕಿಗೆ ಸೆಕೆಂಡಿನ 10 ಲಕ್ಷದಲ್ಲಿ 58 ಪಾಲು ನಿಂತ್ರ ಅದು '1'. 100 ಪಾಲೋ ಅದಕ್ಕೂ ಹೆಚ್ಚೋ ನಿಂತ್ರ ಅದು '0'. ಎಂಜಿನ್ನಿನೊಳಗಿನ ಚಿಪ್ ಅದನ್ನ ಓದಿ, ಮೋಟಾರಿಗೆ ಎಷ್ಟು ಬೇಕೋ ಅಷ್ಟೇ ಬಿಡುತ್ತದೆ. ಆ ಚಿಪ್ಪಿಗೆ ಡಿಕೋಡರ್ ಅಂತಾರ.

ಊರಾಗ ಡಂಗುರ ಸಾರಿದಂಗ ಅನ್ಕೊಳ್ರಿ. ಮಾತು ಎಲ್ಲಾರ ಕಿವಿಗೂ ಬೀಳ್ತದ. ಹೆಸರು ಯಾರದು ಕೂಗ್ಯಾರೋ ಅವರಷ್ಟೇ ಎದ್ದು ಬರ್ತಾರ.

4/9

ಹಂಗಿದ್ರ ರಿಮೋಟಿನ ಪಾಠ ಹೆಸರಿನಿಂದ ಶುರು ಆಗ್ತದ. ಡಿಸಿಸಿಯಲ್ಲಿ ಹೆಸರು ಅಂದ್ರ ಒಂದು ನಂಬರು, ವಿಳಾಸ ಅಂತಾರ.

ಹೊಸಾ ಡಿಕೋಡರ್ ಡಬ್ಬಿಯಿಂದ ತೆಗೆದಾಗ ಅದರ ವಿಳಾಸ 3. ಹೊಸಾ ಎಂಜಿನ್ ಎರಡು ತಂದು ಹಳಿ ಮ್ಯಾಲ ಇಟ್ರ ಎರಡರ ವಿಳಾಸವೂ 3! ನೀವು ಒಂದಕ್ಕ ಹೇಳ್ತೀರಿ, ಎರಡೂ ಓಡ್ತಾವ. ರಿಮೋಟ್ ಕೆಟ್ಟಿಲ್ಲ, ಎಂಜಿನ್ ಕೆಟ್ಟಿಲ್ಲ. ಒಂದೇ ಹೆಸರಿನ ಇಬ್ಬರನ್ನ ಕೂಗಿದ್ರ ಇಬ್ಬರೂ "ಏನ್ರಿ" ಅಂತ ಬರೋದು ಸಹಜ. ಮೊದಲ ಕೆಲಸ ಒಂದನ್ನಷ್ಟೇ ಹಳಿ ಮ್ಯಾಲ ಇಟ್ಟು ಅದಕ್ಕ ಬೇರೆ ನಂಬರ್ ಕೊಡೋದು. ಎಂಜಿನ್ನಿನ ಮೈಮೇಲೆ ಬರೆದ ನಂಬರನ್ನೇ ವಿಳಾಸ ಮಾಡಿದ್ರ ಮರಿಯೋ ಮಾತೇ ಇಲ್ಲ, ನಾಲ್ಕು ಅಂಕಿಯ ವಿಳಾಸಕ್ಕೂ ಅವಕಾಶ ಇದೆ.

ಬಿಕಾಂ ಓದೋರಿಗೆ ಇದು ಹೊಸದಲ್ಲ. ಪ್ರತಿ ಸಂದೇಶದ ಕೊನೆಗೆ ಡಿಸಿಸಿ ಒಂದು ತಾಳೆ ಅಂಕಿ ಕಳಿಸುತ್ತದೆ. ದಾರಿಯಲ್ಲಿ ಸಂದೇಶ ಕೆಟ್ಟಿದ್ದರೆ ತಾಳೆ ಕೂಡೋದಿಲ್ಲ, ಡಿಕೋಡರ್ ಅದನ್ನ ಬಿಟ್ಟುಬಿಡುತ್ತದೆ. ಥೇಟ್ ನಮ್ಮ ಟ್ರಯಲ್ ಬ್ಯಾಲೆನ್ಸ್. ಆದ್ರ ಟ್ರಯಲ್ ಬ್ಯಾಲೆನ್ಸ್ ಕೂಡಿತು ಅಂದಮಾತ್ರಕ್ಕ ಲೆಕ್ಕ ಸರಿ ಅಂತೇನಿಲ್ಲ. ಮಲ್ಲಪ್ಪನ ಖಾತೆಗೆ ಹಾಕೋ ಐದು ಸಾವಿರವನ್ನ ಸಿದ್ದಪ್ಪನ ಖಾತೆಗೆ ಹಾಕಿದ್ರೂ ಎರಡೂ ಕಡೆ ಮೊತ್ತ ಕೂಡ್ತದ. ರಿಮೋಟಿನಲ್ಲೂ ಅಷ್ಟೇ. ತಪ್ಪು ವಿಳಾಸಕ್ಕ ಕಳಿಸಿದ ಸಂದೇಶ ತಾಳೆ ಕೂಡಿಕೊಂಡು, ಚೊಕ್ಕಾಗಿ, ತಪ್ಪು ಎಂಜಿನ್ನಿಗೆ ಮುಟ್ಟುತ್ತದೆ. ಯಂತ್ರ ಅಕ್ಷರ ತಿದ್ದಬಹುದು, ಉದ್ದೇಶ ತಿದ್ದೋದಿಲ್ಲ.

ಬೇಕಂತಲೇ ಒಂದೇ ಹೆಸರಿಗೆ ಎರಡು ಎಂಜಿನ್ ಕಟ್ಟೋದೂ ಉಂಟು. ಅದಕ್ಕ ಕನ್ಸಿಸ್ಟ್ ಅಂತಾರ. ದೊಡ್ಡ ರೈಲಿನಲ್ಲೂ ಇದು ಇದೆ. 2021ರ ಅಕ್ಟೋಬರ್ 8ರಂದು ನಮ್ಮ ಪಕ್ಕದ ರಾಯಚೂರಿನಿಂದ ಮಣುಗೂರಿಗೆ 'ಗರುಡ' ಅನ್ನೋ ಭಾರೀ ಉದ್ದದ ಗೂಡ್ಸ್ ಗಾಡಿ ಓಡಿತು, ಮೂರು ಗಾಡಿ ಜೋಡಿಸಿ ಒಂದು ಮಾಡಿದ್ದು. ಉದ್ದದ ಗೂಡ್ಸ್ ಗಾಡಿಗಳಿಗಾಗಿ ಭಾರತೀಯ ರೈಲ್ವೆಯಲ್ಲಿ, ಮುಂದಿನ ಎಂಜಿನ್ನಿನಲ್ಲಿ ಕೂತ ಲೋಕೋ ಪೈಲಟ್ ನಡುವಿನ ಎಂಜಿನ್ನುಗಳನ್ನ ರೇಡಿಯೊ ಮೂಲಕ ನಡೆಸುವ ವ್ಯವಸ್ಥೆ ಇದೆ. ಟೇಬಲ್ ಮ್ಯಾಲಿನ ಪಾಠವೇ, ಸಾವಿರಾರು ಟನ್ ತೂಕದಲ್ಲಿ.

5/9

ಈಗ ನನ್ನ ಮುಖ್ಯ ಮಾತು: ನಿಲ್ಲಿಸೋದು.

"ನಿಲ್ಲಿಸೋದರಾಗ ಕಲಿಯೋದೇನದ? ಸೊನ್ನೆ ಮಾಡಿದ್ರಾತು" ಅಂತೀರಿ. ಇಲ್ಲ. ಡಿಸಿಸಿಯಲ್ಲಿ ನಿಲ್ಲಿಸೋದು ಮೂರು ತರ, ಮೂರೂ ಬೇರೆ ಬೇರೆ.

ಒಂದು, ವೇಗ ಸೊನ್ನೆ ಮಾಡೋದು. ಎಂಜಿನ್ ತನ್ನ ಗತಿ ಕಳ್ಕೊಂಡು ಮೆಲ್ಲಗ ನಿಲ್ತದ. ಎಷ್ಟು ಮೆಲ್ಲಗ ಅನ್ನೋದು ಡಿಕೋಡರಿನೊಳಗ ಬರೆದಿಟ್ಟ ಸಂಖ್ಯೆ ಮ್ಯಾಲ ಹೋಗ್ತದ. ಆ ಸಂಖ್ಯೆ ದೊಡ್ಡದಿದ್ರ ಸೊನ್ನೆ ಒತ್ತಿದ ಮ್ಯಾಲೂ ಒಂದಷ್ಟು ದೂರ ಉರುಳ್ತದ.

ಎರಡು, ತುರ್ತು ನಿಲುಗಡೆ. ಇದು ಬಂದ್ರ ಡಿಕೋಡರ್ ಆ ಸಂಖ್ಯೆ ನೋಡೋದೇ ಇಲ್ಲ, ಅಲ್ಲಿಂದಲ್ಲೇ ಮೋಟಾರ್ ಬಂದ್. ರಿಮೋಟ್ ಮ್ಯಾಲ 128 ವೇಗದ ಮೆಟ್ಟಿಲು ಅಂತ ಬರೆದಿರ್ತಾರ. ನಿಜವಾಗಿ ಓಡೋ ಮೆಟ್ಟಿಲು 126. ಉಳಿದ ಎರಡರಲ್ಲಿ ಒಂದು ನಿಲ್ಲು, ಇನ್ನೊಂದು ತಕ್ಷಣ ನಿಲ್ಲು. ಈ ನಿಯಮ ಮಾಡಿದವರು ಓಡೋದರ ಪಟ್ಟಿಯ ತಲೆಗೇ ನಿಲ್ಲೋದನ್ನ ಎರಡು ಸಲ ಬರೆದಿಟ್ಟಾರ. ನನಗ ಬಹಳ ಹಿಡಿಸಿದ್ದು ಇದೇ.

ಮೂರು, ಇಡೀ ಹಳಿಯ ಕರೆಂಟ್ ಕಡಿಯೋದು. ಎಲ್ಲಾ ಎಂಜಿನ್ನೂ ನಿಲ್ತಾವ, ಎಲ್ಲಾ ದೀಪವೂ ಆರ್ತಾವ. ಹಳಿ ತಪ್ಪಿದ ಗಾಲಿ ಎರಡು ಹಳಿಗೂ ತಾಗಿ ಶಾರ್ಟ್ ಆದಾಗ ಯಂತ್ರ ತಾನೇ ಇದನ್ನ ಮಾಡುತ್ತದೆ.

ಮೊದಲನೆಯದು ರೂಢಿಯ ಕೆಲಸಕ್ಕೆ, ಎರಡನೆಯದು ಒಂದು ಎಂಜಿನ್ನಿನ ಅಪಾಯಕ್ಕೆ, ಮೂರನೆಯದು ಏನಾಗ್ತಿದೆ ಅಂತಲೇ ತಿಳಿಯದಾಗ. ಯಾವಾಗ ಯಾವುದು ಅನ್ನೋದು ಬೆರಳಿಗೆ ಬರಬೇಕು, ಪುಸ್ತಕ ತೆರೆಯೋ ಹೊತ್ತು ಆಗ ಇರೋದಿಲ್ಲ. ಅದಕ್ಕೇ ಹೇಳೋದು: ಮೊದಲ ದಿನ ಎಂಜಿನ್ನಿನ ವೇಗ ಕಾಲು ಭಾಗಕ್ಕಿಂತ ಹೆಚ್ಚು ಮಾಡಬ್ಯಾಡ್ರಿ. ಹಳಿ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು, ಅದರ ಮುಂದ ಸರಿಯಾಗಿ ನಿಲ್ಲಿಸೋದು ಇಪ್ಪತ್ತು ಸಲ ಮಾಡ್ರಿ. ಟ್ರ್ಯಾಕ್ಟರ್ ಕಲಿಸೋ ಹಿರೇರು ಕಾಲಿಗೆ ಮೊದಲು ಬ್ರೇಕ್ ತೋರಿಸ್ತಾರ. ಇದೂ ಹಂಗೇ.

6/9

ನಿಲ್ಲಿಸೋದು ಬಂತು, ಹೆಸರು ಬಂತು. ಈಗ ದಿಕ್ಕು.

ಹಳೇ ಪದ್ಧತಿಯಲ್ಲಿ 'ಮುಂದೆ' ಅಂದ್ರ ಹಳಿಯ ಒಂದು ದಿಕ್ಕು. ಎಂಜಿನ್ ಎತ್ತಿ ತಿರುಗಿಸಿ ಇಟ್ರೂ ಅದೇ ಕಡೆಗೇ ಹೋಗ್ತದ. ಡಿಸಿಸಿಯಲ್ಲಿ 'ಮುಂದೆ' ಅಂದ್ರ ಎಂಜಿನ್ನಿನ ಮುಖ ಇರೋ ಕಡೆ. ತಿರುಗಿಸಿ ಇಟ್ರ ಉಲ್ಟಾ ಹೋಗ್ತದ. ಮೇಜಿನ ಆಚೆ ಕೂತವರಿಗೆ ನಿಮ್ಮ ಬಲ ಅವರ ಎಡ. ಇಲ್ಲಿ ಕಲಿಯೋದೇನಂದ್ರ, ಎಡ-ಬಲ ಬಿಟ್ಟು ಯಂತ್ರದ ಜಾಗದಲ್ಲಿ ಕೂತು ಯೋಚನೆ ಮಾಡೋದು.

ಆಮೇಲೆ ಫಂಕ್ಷನ್ ಗುಂಡಿಗಳು. ಎಫ್0ಯಿಂದ ಎಫ್28 ತನಕ, ಒಟ್ಟು 29. ಎಫ್0 ಹೆಚ್ಚುಕಡಿಮೆ ಎಲ್ಲಾ ಕಡೆ ಮುಂದಿನ-ಹಿಂದಿನ ದೀಪ. ಮುಂದಕ್ಕ ಹೊರಟ್ರ ಮುಂದಿನದು, ಹಿಂದಕ್ಕ ಹೊರಟ್ರ ಹಿಂದಿನದು ತಾನೇ ಹತ್ತುತ್ತದೆ. ಉಳಿದದ್ದೆಲ್ಲ ಕಂಪನಿಗೊಂದು ತರ. ಅಮೆರಿಕದ ಬಹಳಷ್ಟು ಎಂಜಿನ್ನಿನಲ್ಲಿ ಎಫ್1 ಗಂಟೆ, ಎಫ್2 ಹಾರ್ನ್. ಯುರೋಪಿನದ್ದರಲ್ಲಿ ಬೇರೆ. 29 ಗುಂಡಿ ಬಾಯಿಪಾಠ ಮಾಡೋದು ದಂಡ. ನಾಲ್ಕು ಕಲೀರಿ ಸಾಕು: ದೀಪ, ಎಂಜಿನ್ ಸದ್ದು ಚಾಲೂ-ಬಂದ್, ಹಾರ್ನ್, ಎಲ್ಲಾ ಸದ್ದು ಮುಚ್ಚೋದು. ಮಿಕ್ಕಿದ್ದು ಬೇಕಾದಾಗ ಚೀಟಿ ನೋಡ್ರಿ.

ಹಾರ್ನ್ ಯಾಕ ಕೊನೆಗೆ ಅಂದೆ? ಹಾರ್ನ್ ಅಂದ್ರ ಶೋಕಿ ಅಲ್ಲ, ಮಾತು. ಯಾದಗಿರಿ ಹತ್ರ ಹಳಿ ಪಕ್ಕ ಹಳದಿ ಫಲಕಗಳು ಕಾಣ್ತಾವ, 'ಡಬ್ಲ್ಯೂ/ಎಲ್' ಇಲ್ಲಾ ಹಿಂದಿಯ 'ಸೀ/ಫಾ' ಅಂತ ಬರೆದಿರ್ತದ. ಮುಂದೆ ಗೇಟು ಅದ, ಸೀಟಿ ಹೊಡಿ ಅಂತ ಅದರ ಅರ್ಥ. ಎಲ್ಲಿ, ಯಾಕ ಹೊಡೀಬೇಕು ಅಂತ ಗೊತ್ತಿದ್ದೋರ ಕೈಯಾಗ ಅದು ಎಚ್ಚರಿಕೆ. ಗೊತ್ತಿಲ್ಲದೋರ ಕೈಯಾಗ ಗದ್ದಲ.

ಇನ್ನು 'ಸಿವಿ' ಅನ್ನೋ ಒಳಗಿನ ಸಂಖ್ಯೆಗಳು. ಸಿವಿ 1 ವಿಳಾಸ, ಸಿವಿ 3 ವೇಗ ಏರೋ ಗತಿ, ಸಿವಿ 4 ಇಳಿಯೋ ಗತಿ. ಇವನ್ನ ಬದಲಿಸೋಕಿಂತ ಮೊದಲು ಒಂದು ನೋಟ್‌ಬುಕ್ ತಗೊಳ್ರಿ. ಎಂಜಿನ್ನಿಗೊಂದು ಪುಟ: ತಾರೀಖು, ಹಳೇ ಸಂಖ್ಯೆ, ಹೊಸಾ ಸಂಖ್ಯೆ, ಯಾಕ ಬದಲಿಸಿದೆ. ಬಹಳಷ್ಟು ಡಿಕೋಡರಿನಲ್ಲಿ ಸಿವಿ 8ಕ್ಕೆ 8 ಬರೆದ್ರ ಎಲ್ಲಾ ಮೊದಲಿನಂಗ ಆಗ್ತದ. ಹೌದು. ಆದ್ರ ಕಲಿತದ್ದೂ ಅಳಿಸಿಹೋಗ್ತದ. ವೌಚರ್ ಇಲ್ಲದ ಎಂಟ್ರಿ ಇದ್ದಂಗ ಆಗಬಾರದು.

7/9

ಈಗ ರಿಮೋಟಿನ ಗುಟ್ಟು. ಮೂಲ ಡಿಸಿಸಿಯಲ್ಲಿ ಎಂಜಿನ್ ಉತ್ತರ ಕೊಡೋದಿಲ್ಲ.

ನೀವು 'ಓಡು' ಅಂದ್ರಿ. ರಿಮೋಟಿನ ಪರದೆ ಮ್ಯಾಲ ವೇಗ 40 ಅಂತ ತೋರಿಸ್ತು. ಎಂಜಿನ್ ಓಡ್ತಿದೆಯಾ? ಪರದೆಗೆ ಗೊತ್ತಿಲ್ಲ! 40 ಅನ್ನೋದು ನೀವು ಹೇಳಿದ್ದು, ಅದು ಮಾಡಿದ್ದಲ್ಲ. ಹಳಿ ಮ್ಯಾಲ ಧೂಳು ಕೂತಿರಬಹುದು, ಗಾಲಿ ಹಳಿ ತಪ್ಪಿರಬಹುದು, ವಿಳಾಸ ಬೇರೆ ಇರಬಹುದು. ಸಂದೇಶ ತಪ್ಪಿಹೋದೀತು ಅಂತಲೇ ಕಮಾಂಡ್ ಸ್ಟೇಷನ್ ಹೇಳಿದ್ದನ್ನೇ ಮತ್ತ ಮತ್ತ ಹೇಳ್ತಿರ್ತದ. ಉತ್ತರ ಕೊಡೋ 'ರೈಲ್‌ಕಾಮ್' ಅಂಥ ಸೌಲಭ್ಯ ಆಮೇಲೆ ಬಂತು, ಎಲ್ಲಾ ಎಂಜಿನ್ನಿನಲ್ಲೂ ಅದು ಇರೋದಿಲ್ಲ.

ಅದಕ್ಕೇ ನಾನು ಫೋನ್ ಆ್ಯಪಿಗಿಂತ ತಿರುಗಿಸೋ ಗುಂಡಿ ಇರೋ ರಿಮೋಟಿನ ಪಕ್ಷ. ಫೋನಾದ್ರ ಕಣ್ಣು ಪರದೆ ಮ್ಯಾಲ ಇರ್ತದ. ಗುಂಡಿಯಾದ್ರ ಬೆರಳಿಗೇ ತಿಳೀತದ, ಕಣ್ಣು ರೈಲಿನ ಮ್ಯಾಲ ಇರ್ತದ. ಫೋನೇ ಇರೋದು ಅಂದ್ರ, ವಾಲ್ಯೂಮ್ ಬಟನ್ನಿಗೆ ವೇಗ ಕಟ್ಟೋ ಆ್ಯಪ್ ಇವೆ, ಅದನ್ನ ಬಳಸ್ರಿ.

ಇದು ಹೊಲದಾಗ ಬಂದ ಮೊಬೈಲ್ ಸ್ಟಾರ್ಟರಿನ ಪಾಠವೂ ಹೌದು. ಪೆಟ್ಟಿಗ್ಯಾಗ ಸಿಮ್ ಹಾಕಿ, ಮನ್ಯಾಗ ಕೂತು ಕಾಲ್ ಮಾಡಿದ್ರ ಮೋಟಾರ್ ಚಾಲೂ. ರಾತ್ರಿ ಕರೆಂಟ್ ಬಂದಾಗ ಹಾವು-ಚೇಳಿನ ಕತ್ತಲಾಗ ಬ್ಯಾಟರಿ ಹಿಡಕೊಂಡು ಹೋಗೋದು ತಪ್ಪಿತು. ಇದು ಸಣ್ಣ ಮಾತಲ್ಲ, ಜೀವ ಉಳಿಸೋ ಮಾತು. ಆದ್ರ 'ಮೋಟಾರ್ ಚಾಲೂ' ಅನ್ನೋ ಮೆಸೇಜ್ ಹೇಳೋದು ಮೋಟಾರಿಗೆ ಕರೆಂಟ್ ಹೋಯ್ತು ಅಂತ. ಪೈಪಿನ ಬಾಯಿಂದ ನೀರು ಬಿತ್ತು ಅಂತ ಅಲ್ಲ. ಪೈಪ್ ಒಡೆದು ಪಕ್ಕದ ಹೊಲಕ್ಕ ನೀರು ಹರೀತಿದ್ರೂ ಮೆಸೇಜ್ ಅದೇ ಬರ್ತದ. ನೀರಿಲ್ಲದಿದ್ರ ತಾನೇ ಬಂದ್ ಆಗೋ ಸ್ಟಾರ್ಟರ್ ಇವೆ, ಅಂಥದ್ದು ಯಾಕ ಬೇಕು ಅಂತ ಮಾದರಿ ರೈಲು ಓಡಿಸಿದವರಿಗೆ ಬಿಡಿಸಿ ಹೇಳೋದು ಬೇಕಾಗಿಲ್ಲ.

ಹೇಳಿದ್ದು ಬೇರೆ, ಆದದ್ದು ಬೇರೆ. ರಿಮೋಟ್ ಕಲಿಯೋದು ಅಂದ್ರ ಈ ಎರಡನ್ನ ಬೇರೆ ಬೇರೆ ಬರೆದಿಡೋದು ಕಲಿಯೋದು.

8/9

ಇನ್ನು ದೊಡ್ಡ ರಿಮೋಟ್.

2023ರ ಜನವರಿ 19ರಂದು ಪ್ರಧಾನಿಯವರು ನಮ್ಮ ಜಿಲ್ಲೆಯ ಕೊಡೇಕಲ್ಲಿಗೆ ಬಂದು ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ, ಆಧುನೀಕರಣ ಯೋಜನೆಯನ್ನ ಉದ್ಘಾಟಿಸಿದರು. ಸರ್ಕಾರ ಕೊಟ್ಟ ಅಂಕಿ: ಸುಮಾರು 4,700 ಕೋಟಿ ರೂಪಾಯಿ, ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿ. ಈ ಕಾಲುವೆಯ ಗೇಟುಗಳಿಗೆ 'ಸ್ಕಾಡಾ' ಅನ್ನೋ ದೂರನಿಯಂತ್ರಣ ಬಂದಿದೆ. ಗೇಟು ಎಷ್ಟು ಎತ್ತಬೇಕು ಅನ್ನೋದು ಕಂಟ್ರೋಲ್ ರೂಮಿನಿಂದ ಹೋಗ್ತದ, ಗೇಟಿನ ಪಕ್ಕದ ಸೆನ್ಸರ್ ನೀರಿನ ಮಟ್ಟ ಅಳೆದು ವಾಪಸ್ ಹೇಳ್ತದ.

ಮಾದರಿ ರೈಲಿನ ಭಾಷ್ಯಾಗ ಹೇಳಿದ್ರ: ಪ್ರತಿ ಗೇಟಿಗೂ ಒಂದು ವಿಳಾಸ, ಒಂದು ಆಜ್ಞೆ. ಮೂಲ ಡಿಸಿಸಿಯಲ್ಲಿ ಇಲ್ಲದ್ದು ಇಲ್ಲಿ ಇದೆ, ಅದು ಉತ್ತರ.

ನಾನು ಇದರ ವಿರುದ್ಧ ಇಲ್ಲ. ಗೇಟಿನ ಮ್ಯಾಲ ಯಾರ ಕೈ ಬಲ ಇದೆಯೋ ಅವರಿಗೆ ನೀರು ಅನ್ನೋ ಕಾಲಕ್ಕಿಂತ, ಪ್ರತಿ ಎತ್ತಿದ್ದಕ್ಕೂ ಇಳಿಸಿದ್ದಕ್ಕೂ ದಾಖಲೆ ಇರೋ ಕಾಲ ಒಳ್ಳೇದು. ಲೆಕ್ಕ ಓದೋರು ದಾಖಲೆಯನ್ನ ಬೈಯೋದಿಲ್ಲ. ನನ್ನ ಮಾತು ಇಷ್ಟೇ: ಉತ್ತರ ಕಂಟ್ರೋಲ್ ರೂಮಿಗೆ ಮಾತ್ರ ಬಂದ್ರ ಸಾಲದು. ಕಾಲುವೆಯ ಕೊನೆ ಭಾಗದ ರೈತನಿಗೂ ಬರಬೇಕು. ವಾರಾಬಂದಿ ಅಂತ ಸರದಿ ಗೊತ್ತು ಮಾಡ್ತಾರ. ನಮ್ಮ ಲ್ಯಾಟರಲಿಗೆ ಇವತ್ತು ಎಷ್ಟು ಬಿಡಬೇಕಿತ್ತು, ಎಷ್ಟು ಬಿಟ್ರು, ಕೊನೇ ತೂಬಿನಲ್ಲಿ ಎಷ್ಟು ಬಂತು, ಈ ಮೂರು ಅಂಕಿ ದಿನಾ ಗ್ರಾಮ ಪಂಚಾಯಿತಿ ಬೋರ್ಡಿನ ಮ್ಯಾಲ ಕನ್ನಡದಾಗ ಬರೀಬೇಕು. ಮೂರೇ ಕಾಲಂ.

ಅಲ್ಲಿ ಒಂದನೇ ಕಾಲಂ ಅಂದ್ರ ಆಸೆ, ಎರಡನೇದು ಆಜ್ಞೆ, ಮೂರನೇದು ಫಲ. ಎರಡನೇದು ತೋರಿಸಿ ಮೂರನೇದು ಆಯ್ತು ಅಂದ್ರ ಒಪ್ಪಬಾರದು. "ಗೇಟು ಎತ್ತಿದ್ದೀವಿ" ಅನ್ನೋ ಉತ್ತರಕ್ಕೆ "ಸರಿ ಸಾರ್, ಕೊನೇ ತೂಬಿನ ರೀಡಿಂಗ್ ತೋರಿಸ್ರಿ" ಅಂತ ಕೇಳೋ ಹುಡುಗ-ಹುಡುಗಿಯರು ನಮ್ಮ ಹಳ್ಳ್ಯಾಗ ಬೇಕು. ಜಗಳ ಆಡೋರು ಸಾಕಷ್ಟು ಮಂದಿ ಇದ್ದಾರ. ರೀಡಿಂಗ್ ಕೇಳೋರು ಕಡಿಮೆ.

9/9

"ಎಲ್ಲಾ ಸರಿ, ಆದ್ರ ಇದು ಶ್ರೀಮಂತರ ಆಟ ಅಲ್ಲೇನು?" ಇದು ನ್ಯಾಯವಾದ ಪ್ರಶ್ನೆ. ವಿದೇಶಿ ಕಂಪನಿಯ ಡಿಜಿಟಲ್ ಸೆಟ್ ತರಿಸಿದ್ರ ಹತ್ತಾರು ಸಾವಿರ ಆಗ್ತದ. ಪುಣೆಯಲ್ಲಿ ಭಾವು ಜೋಶಿಯವರು ಮಾಡಿದ ಪುಟಾಣಿ ರೈಲುಗಳ ಮ್ಯೂಸಿಯಂ 1998ರಿಂದ ಇದೆ, ಹೋಗಿ ನೋಡಬಹುದು. ಆದ್ರ ನೋಡೋದು ಬೇರೆ, ಕೈಯಾಗ ಹಿಡಿಯೋದು ಬೇರೆ.

ಅಗ್ಗದ ದಾರಿ ಇದೆ. 'ಡಿಸಿಸಿ-ಇಎಕ್ಸ್' ಅನ್ನೋ ಉಚಿತ ತಂತ್ರಾಂಶ ಇದೆ. ಆರ್ಡುಯಿನೋ ಬೋರ್ಡು, ಅದರ ಮ್ಯಾಲ ಒಂದು ಮೋಟಾರ್ ಶೀಲ್ಡ್ ಕೂಡಿಸಿದ್ರ ಕಮಾಂಡ್ ಸ್ಟೇಷನ್ ಸಿದ್ಧ. ಆರ್ಡುಯಿನೋ ನಮಗ ಅಪರೂಪ ಅಲ್ಲ. ಅಟಲ್ ಟಿಂಕರಿಂಗ್ ಲ್ಯಾಬಿಗೆ ಆಯ್ಕೆಯಾದ ಶಾಲೆಗೆ ಕೇಂದ್ರ ಸರ್ಕಾರ 20 ಲಕ್ಷದ ತನಕ ಅನುದಾನ ಕೊಡ್ತದ, 6ರಿಂದ 12ನೇ ತರಗತಿ ಮಕ್ಕಳಿಗೆ. ಜಿಲ್ಲೆಯಲ್ಲಿ ಎಲ್ಲೆಲ್ಲಿ ಆ ಲ್ಯಾಬ್ ಇದೆಯೋ ಅಲ್ಲೆಲ್ಲ ಒಂದು ಸುತ್ತು ಹಳಿ, ಎರಡು ಎಂಜಿನ್, ಒಂದು ಟೇಬಲ್ ಇರಲಿ. ಎರಡೇ ಯಾಕ? ಒಂದೇ ಇದ್ರ ವಿಳಾಸದ ಪಾಠ ಆಗೋದಿಲ್ಲ.

ಪ್ರತಿ ಎಂಜಿನ್ನಿನ ಪಕ್ಕ ಒಂದು ಕನ್ನಡದ ಚೀಟಿ ಅಂಟಿಸ್ರಿ: ವಿಳಾಸ ಎಷ್ಟು, ಎಫ್0 ಏನು, ಎಫ್1 ಏನು, ತುರ್ತು ನಿಲುಗಡೆ ಯಾವ ಗುಂಡಿ. ಕೈಪಿಡಿ ಇಂಗ್ಲಿಷಿನಲ್ಲಿ ಅದ ಅಂತ ಹಿಂದ ಕೂಡೋ ಹುಡುಗಿ ರಿಮೋಟಿನಿಂದ ದೂರ ಉಳಿಬಾರದು.

ಆಟದ ರೈಲು ಎಲ್ಲಿಗೆ ಒಯ್ದೀತು ಅನ್ನೋರಿಗೆ ಒಂದು ಉದಾಹರಣೆ. ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಗಳ ಮಾದರಿ ರೈಲು ಕ್ಲಬ್ 1946ರಲ್ಲಿ ಶುರುವಾಯಿತು. ಟೇಬಲ್ ಮ್ಯಾಲಿನ ಊರು-ಗುಡ್ಡ ಚಂದ ಮಾಡೋರು ಒಂದು ಗುಂಪು. ಟೇಬಲ್ ಕೆಳಗ ತೂರಿ, ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಸಾಮಾನು ಜೋಡಿಸಿ, ಯಾವ ರೈಲು ಯಾವ ಹಳಿಗೆ ಹೋಗಬೇಕು ಅಂತ ವೈರಿಂಗ್ ಮಾಡೋರು ಇನ್ನೊಂದು ಗುಂಪು. ಆ ಎರಡನೇ ಗುಂಪಿನವರೇ ಮುಂದ ಕಂಪ್ಯೂಟರಿನ ಮುಂದ ಕೂತರು. ಇವತ್ತು ಕಂಪ್ಯೂಟರ್ ಲೋಕದವರು ಬಳಸೋ 'ಹ್ಯಾಕರ್' ಅನ್ನೋ ಪದ ಬೆಳೆದದ್ದು ಆ ಟೇಬಲ್ ಸುತ್ತಲೇ.

ಶಹಾಪುರಕ್ಕ, ಸುರಪುರಕ್ಕ ರೈಲು ಯಾವಾಗ ಬರ್ತದೋ ಅದು ದಿಲ್ಲಿಯವರ ಕೈಯಾಗ ಅದ. ಅದನ್ನ ಕೇಳೋದು ನಿಲ್ಲಿಸಬಾರದು. ಆದ್ರ ಟೇಬಲ್ ಕೆಳಗ ತೂರೋದಕ್ಕ ಯಾರ ಮಂಜೂರಾತಿಯೂ ಬೇಕಿಲ್ಲ.

ನಿಮ್ಮ ಶಾಲ್ಯಾಗ ಟಿಂಕರಿಂಗ್ ಲ್ಯಾಬ್ ಇದ್ರ, ಅದರ ಬೀಗ ವಾರಕ್ಕ ಎಷ್ಟು ಸಲ ತೆಗೀತಾರ ಅಂತ ಕಾಮೆಂಟಿನಾಗ ಬರೀರಿ. ಶಾಲೆ ಹೆಸರು ಬ್ಯಾಡ, ಸಂಖ್ಯೆ ಅಷ್ಟೇ ಸಾಕು. 5ನೇ ಭಾಗ ಸೇವ್ ಮಾಡ್ಕೊಳ್ರಿ, ಮನ್ಯಾಗ ಯಾವ ರಿಮೋಟ್ ಬಂದ್ರೂ ಕೆಲಸಕ್ಕ ಬರ್ತದ.

#ಯಾದಗಿರಿ #ಶಹಾಪುರ #ಸುರಪುರ #ಮಾದರಿರೈಲು #ರಿಮೋಟ್ #ಕಲ್ಯಾಣಕರ್ನಾಟಕ #ಬಿಕಾಂಬರಹ